1,450 ರೂಪಾಯಿ ಭಟ್ಟಿ ಒಲೆ ತಂದು ಜವಳದ ದಿನ ಪಟ್ಟ ಪಾಡು

"ಬರ್ನರ್, ಸ್ಟ್ಯಾಂಡ್, ರೆಗ್ಯುಲೇಟರ್, ಪೈಪ್ ಎಲ್ಲಾ ಸೇರಿ" ಅಂತ ಮೊಬೈಲ್‌ನಲ್ಲಿ ಅಗ್ಗದ ದೊಡ್ಡ ಗ್ಯಾಸ್ ಒಲೆ ನೋಡಿ ನಿಮ್ಮ ಕೈ ತುರಿಸುತ್ತಿದ್ದರೆ, ಇದನ್ನು ಓದಿ ಆಮೇಲೆ ಆರ್ಡರ್ ಮಾಡಿ. ನಾನು ಓದದೆ ಮಾಡಿದವನು.

ಈ ಹುಚ್ಚು ಹತ್ತಿದ್ದು ಕಾಕಾನ ಮಗನಿಂದ. ಅವನು ಅಮೆರಿಕದಲ್ಲಿದ್ದಾನೆ. ಮನೆಯ ಹಿತ್ತಲಲ್ಲಿ ಬಿಯರ್ ಮಾಡುತ್ತಾನೆ. ಅಲ್ಲಿ 1978ರಲ್ಲೇ ಕಾನೂನು ತಿದ್ದಿ ಅದಕ್ಕೆ ದಾರಿ ಮಾಡಿದ್ದಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬಾಗಿಲು ಬಡಿಯುತ್ತಾರೆ, ಆ ಮಾತು ಬೇಡ. ಅವನು ಕಳಿಸಿದ ವಿಡಿಯೋದಲ್ಲಿ ನನ್ನ ಕಣ್ಣು ಬಿದ್ದದ್ದು ಬಿಯರ್ ಮೇಲೆ ಅಲ್ಲ, ಒಲೆ ಮೇಲೆ. ಮೂರು ಕಾಲಿನ ಗಟ್ಟಿ ಸ್ಟ್ಯಾಂಡ್, ಕೆಳಗೆ ಪ್ರೊಪೇನ್‌ನ ನೀಲಿ ಬೆಂಕಿ, ಮೇಲೆ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಮಾಲ್ಟ್ ನೀರು ಕೊತಕೊತ ಕುದಿಯುತ್ತಿದೆ. ಇದರ ಮೇಲೆ ಗೋಧಿ ಹುಗ್ಗಿ ಇಟ್ಟರೆ ಹೆಂಗಿರ್ತದ ಅಂದುಕೊಂಡೆ.

ಮಗನ ಜವಳ ಹತ್ತಿರ ಬಂದಿತ್ತು. ಶರಣಬಸವೇಶ್ವರರ ಜಾತ್ರೆ ಮುಗಿದ ಮುಂದಿನ ವಾರ, ಮನೆ ಅಂಗಳದಲ್ಲೇ ಎಂಬತ್ತು ಜನಕ್ಕೆ ಊಟ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಪಾತ್ರೆ ಅಂಗಡಿಯಲ್ಲಿ ವಿಚಾರಿಸಿದೆ. ಬೀಡಿನ, ಅಂದರೆ ಎರಕದ ಕಬ್ಬಿಣದ, ಭಟ್ಟಿಗೆ 2,600, ರೆಗ್ಯುಲೇಟರ್ ಬೇರೆ, ಪೈಪ್ ಬೇರೆ ಅಂದರು. ಮೊಬೈಲ್‌ನಲ್ಲಿ ಪೂರ್ತಿ ಸೆಟ್ 1,450. ಅಂಗಡಿಯವರು ದೋಚುತ್ತಿದ್ದಾರೆ ಅಂತ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಈಗ ಆ ಅಂಗಡಿ ಮುಂದೆ ಹೋದಾಗ ನಾಚಿಕೆ ಆಗುತ್ತದೆ.

ಡಬ್ಬ ಕಾರ್ಯಕ್ರಮದ ಹಿಂದಿನ ದಿನ ಸಂಜೆ ಬಂತು. ಎತ್ತಿದರೆ ಹಗುರ. ಅಲ್ಲೇ ಅನುಮಾನ ಬರಬೇಕಿತ್ತು. ಬೀಡು ಅಂದರೆ ಕೈ ಜಗ್ಗಬೇಕು ಅಲ್ವಾ? ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರು. ಪೈಪ್ ಮೇಲೆ ಐಎಸ್‌ಐ ಗುರುತಿಲ್ಲ, ತಯಾರಾದ ವರ್ಷ ಇಲ್ಲ, ಉದ್ದ ಒಂದೇ ಮೀಟರ್. ಹಚ್ಚಿ ನೋಡೋಣ ಅಂದರೆ ಮನೆ ತುಂಬ ನೆಂಟರು. ಬೆಳಿಗ್ಗೆ ನೋಡಿದರಾಯಿತು ಅಂತ ಬಿಟ್ಟೆ.

ಬೆಳಿಗ್ಗೆ ಐದಕ್ಕೆ ಹಚ್ಚಿದೆವು. ಮೊದಲು ಬಣ್ಣ ಸುಟ್ಟ ವಾಸನೆ. ಆಮೇಲೆ ಹಳದಿ ಬೆಂಕಿ, ಉದ್ದಕ್ಕೆ, ಸೋಮಾರಿ ನಾಲಿಗೆಯ ಹಾಗೆ. 40 ಲೀಟರ್ ನೀರು ಇಟ್ಟಿದ್ದೆವು. ವೈನಿ ಪಾತ್ರೆಯ ಬದಿಗೆ ಬೆರಳು ತಾಗಿಸಿ ತೋರಿಸಿದರು. ಬೆರಳಿನ ತುಂಬ ಕಾಡಿಗೆ.

"ಬೆಂಕಿ ಹಳದಿ ಬರ್ಲಕತ್ತದ ನೋಡ್ರಿ. ಮನಿ ಒಲಿ ಹಿಂಗ ಬರಂಗಿಲ್ಲ," ಅಂದರು.

ಲೆಕ್ಕ ಹೇಳುತ್ತೇನೆ, ಯಾಕಂದರೆ ಆಮೇಲೆ ಕೂತು ಇದನ್ನೇ ಮಾಡಿದೆ. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್ ಶಾಖ. 40 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಸಲು ಬೇಕಾದದ್ದು ಸುಮಾರು 12.6 ಮೆಗಾಜೂಲ್. ಅರ್ಧ ಶಾಖ ಗಾಳಿಗೆ ಹೋಯಿತು ಅಂದರೂ 550 ಗ್ರಾಂ ಗ್ಯಾಸ್ ಸಾಕು. ಗಂಟೆಗೆ ಒಂದು ಕೆಜಿ ಉರಿಸುವ ಭಟ್ಟಿಗೆ ಅದು ಅರ್ಧ ಗಂಟೆಯ ಕೆಲಸ. ನಮ್ಮದು ಒಂದು ಗಂಟೆ ಇಪ್ಪತ್ತು ನಿಮಿಷ ತಗೊಂಡಿತು. ಗ್ಯಾಸ್ ಪೂರ್ತಿ ಉರಿಯದೆ ಮಸಿಯಾಗಿ ಪಾತ್ರೆಗೆ ಹತ್ತುತ್ತಿತ್ತು. ಹಾಗೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ನಾವು ಬಯಲಲ್ಲಿ ಇದ್ದೆವು, ಬಚಾವಾದೆವು. ಮುಚ್ಚಿದ ಅಡುಗೆ ಮನೆಯಲ್ಲಿ ಇಟ್ಟಿದ್ದರೆ ಈ ಬರಹದ ರೀತಿಯೇ ಬೇರೆ ಇರುತ್ತಿತ್ತು.

ಇನ್ನೊಂದು ತಪ್ಪು ನನ್ನದೇ. ಹಚ್ಚಿದ್ದು ಮನೆಯ 14.2 ಕೆಜಿ ಸಿಲಿಂಡರ್. ಅದು ಇರುವುದು ಮನೆ ಅಡುಗೆಗೆ. ಇಂಥ ಕಾರ್ಯಕ್ರಮಕ್ಕೆ 19 ಕೆಜಿಯ ಕಮರ್ಷಿಯಲ್ ತರಬೇಕು. ಸಣ್ಣ ಸಿಲಿಂಡರ್‌ನಿಂದ ಜೋರಾಗಿ ಗ್ಯಾಸ್ ಎಳೆದರೆ ಒಳಗಿನ ದ್ರವ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಏಳು ಗಂಟೆ ಹೊತ್ತಿಗೆ ಸಿಲಿಂಡರ್‌ನ ಕೆಳಗಿನ ಅರ್ಧ ಬೆವರಿ ಮಂಜು ಕಟ್ಟಿತ್ತು. ಬೆಂಕಿ ಸಣ್ಣಗಾಯಿತು. ನನ್ನ ಭಾವ ಸಿಲಿಂಡರ್ ಅಡ್ಡ ಮಲಗಿಸೋಣ ಅಂದ. ಕಾಕಾ ಅವನ ಕೈ ಹಿಡಿದು ನಿಲ್ಲಿಸಿದರು. ಮಲಗಿಸಿದರೆ ಗ್ಯಾಸ್ ಬದಲು ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ.

ಆಗ ನಾನು ರೆಗ್ಯುಲೇಟರ್ ಕಿವಿ ಜೋರಾಗಿ ತಿರುಗಿಸಿದೆ. ಭುಸ್ ಅಂತ ಸದ್ದು. ಬೆಂಕಿ ಬರ್ನರ್ ಬಿಟ್ಟು ನಾಲ್ಕು ಬೆರಳು ಮೇಲೆ ಎದ್ದು ಆರಿತು. ತಕ್ಷಣ ಬಂದ್ ಮಾಡಿ ಹತ್ತು ನಿಮಿಷ ಕಾಯಬೇಕಿತ್ತು. ಗಡಿಬಿಡಿಯಲ್ಲಿ ಕಡ್ಡಿ ಗೀರಿದೆ. ನೆಲಕ್ಕೆ ಕೂತಿದ್ದ ಗ್ಯಾಸ್ ಒಮ್ಮೆಗೇ ಹೊತ್ತಿಕೊಂಡಿತು. ಬಲಗೈ ಮೇಲಿನ ಕೂದಲು ಪೂರ್ತಿ ಸುಟ್ಟಿತು, ಹುಬ್ಬು ಅರ್ಧ. ಎಲ್‌ಪಿಜಿ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಶಾಲೆಯಲ್ಲಿ ಓದಿದ್ದು ಆವತ್ತು ಅರ್ಥ ಆಯಿತು. ಅದೇ ಹೊತ್ತಿಗೆ ಒಲೆ ಕೆಳಗಿನ ಫರಸಿ ಕಲ್ಲು ಟಪ್ ಅಂತ ಸಿಡಿದು ಚೂರು ಕಾಕಾನ ಪಂಚೆಗೆ ಬಿತ್ತು. ಸ್ಟ್ಯಾಂಡ್ ಅಷ್ಟು ಗಿಡ್ಡ, ಶಾಖ ಎಲ್ಲಾ ಕಲ್ಲಿಗೆ. ಶಹಾಬಾದ್ ಕಲ್ಲಿನ ಮೇಲೆ ಭಟ್ಟಿ ಇಡುವವರು ಕೆಳಗೆ ಇಟ್ಟಿಗೆ ಹಾಸಿ, ಮೇಲೆ ಮರಳು ಹರಡಿ.

ಕಾಕಾ ಬಗ್ಗಿ ಮೂಸಿದರು. ಒಲೆ ಆರಿದೆ, ಒಲೆಯ ನಾಬ್ ಬಂದ್ ಇದೆ, ಆದರೂ ವಾಸನೆ. ಸಿಲಿಂಡರ್ ಮೇಲಿನ ನಾಬ್ ಬಂದ್ ಮಾಡಿ, ರೆಗ್ಯುಲೇಟರ್ ತೆಗೆಸಿದರು. ಆಮೇಲೆ ಹಿತ್ತಲಲ್ಲಿ ಮೂರು ಕಲ್ಲು, ಕಟ್ಟಿಗೆ. ಹುಗ್ಗಿ ಆಯಿತು, ಅನ್ನ ಬ್ಯಾಳಿ ಆಯಿತು, ಊಟ ಹನ್ನೆರಡರ ಬದಲು ಎರಡೂವರೆಗೆ. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ನನ್ನ ಹುಬ್ಬು ನೋಡುತ್ತಿದ್ದರು.

ಮೂರು ದಿನ ಬಿಟ್ಟು ಅದನ್ನು ಗ್ಯಾಸ್ ಒಲೆ ರಿಪೇರಿ ಮಾಡುವ ಚಾಚಾನ ಹತ್ತಿರ ಒಯ್ದೆ. ಅವರು ಮೊದಲು ಜೆಟ್, ಅಂದರೆ ಬರ್ನರ್‌ಗೆ ಗ್ಯಾಸ್ ಬಿಡುವ ತೂತಿನ ತುಂಡು, ಬಿಚ್ಚಿ ಬೆಳಕಿಗೆ ಹಿಡಿದರು.

"ಇದು ಲೋ ಪ್ರೆಶರ್ ಜೆಟ್ ಅದ. ತೂತು ನೋಡ್ರಿ, ಎಷ್ಟ್ ದೊಡ್ಡದು. ಹೈ ಪ್ರೆಶರಿಗೆ ಇದು ನಡೆಂಗಿಲ್ಲ."

ಮನೆಯ ಮಾಮೂಲಿ ರೆಗ್ಯುಲೇಟರ್ ಬಿಡುವ ಒತ್ತಡ ಸುಮಾರು 30 ಮಿಲಿಬಾರ್. ಭಟ್ಟಿಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಒಂದು ಬಾರ್‌ಗೂ ಮೇಲೆ ಬಿಡುತ್ತದೆ, ಅಂದರೆ ಮೂವತ್ತು ಪಟ್ಟಿಗಿಂತ ಜಾಸ್ತಿ. ದೊಡ್ಡ ತೂತಿನಿಂದ ಅಷ್ಟು ಒತ್ತಡದಲ್ಲಿ ಗ್ಯಾಸ್ ನುಗ್ಗಿದರೆ ಜೊತೆಗೆ ಸೇರಬೇಕಾದ ಗಾಳಿ ಸಾಲುವುದಿಲ್ಲ. ಹಳದಿ ಬೆಂಕಿ ಅದಕ್ಕೇ. ಚಾಚಾ ಆಮೇಲೆ ಚಾಕುವಿನಿಂದ ಬಣ್ಣ ಕೆರೆದರು. ಬರ್ನರ್ ಹೊಟ್ಟೆಯಲ್ಲಿ ಎರಕದ ತೂತು, ಅದಕ್ಕೆ ಏನೋ ಮೆತ್ತಿ ಬಣ್ಣ ಬಳಿದಿದ್ದರು. ಕೊನೆಗೆ ಪೈಪ್ ಸೇರುವ ನಟ್‌ಗೆ ಸೋಪ್ ನೀರು ಹಚ್ಚಿ ಗ್ಯಾಸ್ ಬಿಟ್ಟರು. ಗುಳ್ಳೆ ಒಂದರ ಹಿಂದೆ ಒಂದು, ದ್ರಾಕ್ಷಿ ಗೊಂಚಲಿನ ಹಾಗೆ. ಮನೆ ಒಲೆಯಲ್ಲಿ ಇಂಥ ಸಂದು ಸ್ವಲ್ಪ ವಾಸನೆ ಬಿಟ್ಟೀತು. ಹೈ ಪ್ರೆಶರ್‌ನಲ್ಲಿ ಅದೇ ಸಂದು ಅಂಗಳ ತುಂಬಿಸುತ್ತದೆ. ಅಗ್ಗದ ಭಟ್ಟಿಯ ವಿಷಯದಲ್ಲಿ ನನ್ನನ್ನು ಹೆದರಿಸಿದ್ದು ಇದೇ. ಬೆಂಕಿ ಕೆಟ್ಟದಾಗಿದ್ದರೆ ಕಣ್ಣಿಗೆ ಕಾಣುತ್ತದೆ. ನಟ್ ಕೆಟ್ಟದಾಗಿದ್ದರೆ ಕಾಣುವುದಿಲ್ಲ.

ಮಾರಿದವರಿಗೆ ಬರೆದೆ. ಒಮ್ಮೆ ಹಚ್ಚಿದ ಮೇಲೆ ವಾಪಸ್ ಇಲ್ಲ ಅಂದರು. ಹಚ್ಚದೆ ಕೆಟ್ಟದ್ದು ಅಂತ ಹೇಗೆ ಗೊತ್ತಾಗಬೇಕು ಅಂತ ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಸುಮ್ನೆ ಬಿಟ್ಟೆ.

ಈಗ ಅದೇ ಪಾತ್ರೆ ಅಂಗಡಿಯಿಂದ ಭಟ್ಟಿ ತಂದಿದ್ದೇನೆ. ತೂಕ ಇದೆ. ಜೆಟ್ ಯಾವುದು ಅಂತ ಬಿಚ್ಚಿಸಿ ನೋಡಿದೆ, ಹಿತ್ತಾಳೆಯದು, ಸೂಜಿ ಮೊನೆಯಷ್ಟು ತೂತು. ಗಾಳಿ ಹೊಂದಿಸುವ ತಗಡು ತಿರುಗುತ್ತದೆ. ಹಳೆಯದರಲ್ಲಿ ಅದು ಬಣ್ಣಕ್ಕೆ ಅಂಟಿಕೊಂಡಿತ್ತು. ಐಎಸ್‌ಐ ಗುರುತಿನ, ಒಳಗೆ ತಂತಿ ಇರುವ ಕಿತ್ತಳೆ ಪೈಪ್ ಹಾಕಿಸಿದೆ, ಸಿಲಿಂಡರ್ ದೂರ ಇಡಲು ಬರುವಷ್ಟು ಉದ್ದ. ಹಚ್ಚುವ ಮುಂಚೆ ಪ್ರತಿ ಸಲ ಸೋಪ್ ನೀರು. ಎಲ್ಲಾ ಸೇರಿ 4,100 ಆಯಿತು. ಎಲ್‌ಪಿಜಿ ಸೋರಿದರೆ ಕರೆ ಮಾಡುವ 1906 ನಂಬರನ್ನು ಮೊಬೈಲ್‌ನಲ್ಲಿ ಸೇವ್ ಮಾಡಿಟ್ಟಿದ್ದೇನೆ. ಆವತ್ತು ನಮ್ಮಲ್ಲಿ ಒಬ್ಬರಿಗೂ ಅದು ನೆನಪಿಗೆ ಬರಲಿಲ್ಲ.

ಮುಂದಿನ ತಿಂಗಳು ತಂಗಿಯ ಕುಬಸ, ಅಂದರೆ ಸೀಮಂತ. ನಿನ್ನೆ ಕಾಕಾ ಫೋನ್ ಮಾಡಿದ್ದರು. ಹೋಳಿಗೆಯೋ ಹುಗ್ಗಿಯೋ ಅಂತ ಕೇಳಲಿಲ್ಲ.

"ಒಲಿ ಯಾವ್ದು ಇಡ್ತಿ?" ಅಂದರು.