ಮನೆಗೆ ತರಿಸಿಕೊಂಡ ಜೀನ್ ಟೆಸ್ಟ್ ಕಿಟ್: 2/5
ಅಪ್ಪನಿಗೆ 48ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ಈಗ ನನಗೂ ಬಿಪಿ, ಅದಕ್ಕೇ ಮಾಡಿಸಿದೆ. ಕಿಟ್ ಚೆನ್ನಾಗಿದೆ. ಬೆಳಿಗ್ಗೆ ಏನೂ ತಿನ್ನದೆ ಟ್ಯೂಬಿನ ಗೆರೆಯವರೆಗೆ ಉಗುಳು ತುಂಬಿಸಬೇಕು, ನೊರೆ ಲೆಕ್ಕಕ್ಕಿಲ್ಲ, ನನಗೆ ಹತ್ತು ನಿಮಿಷ ಹಿಡಿಯಿತು.

ರಿಪೋರ್ಟಿನಲ್ಲಿ ಬಿಪಿ ರಿಸ್ಕ್ ‘ಜಾಸ್ತಿ’ ಅಂತ ಕೆಂಪು ಅಕ್ಷರ. ಯಾರಿಗಿಂತ ಜಾಸ್ತಿ? ಬರೆದೇ ಇಲ್ಲ. ಬಿಪಿಗೆ ಒಂದೇ ಜೀನ್ ಕಾರಣ ಅಲ್ಲ ಅಲ್ವಾ, ನೂರಾರು ಸಣ್ಣ ವ್ಯತ್ಯಾಸಗಳು ಸೇರಿ ಸ್ವಲ್ಪ ಸ್ವಲ್ಪ ಏರಿಸುತ್ತವೆ, ಆ ಲೆಕ್ಕವೂ ಹೆಚ್ಚಾಗಿ ಯುರೋಪಿನವರನ್ನು ನೋಡಿ ಹಾಕಿದ್ದು. ಭಾರತ ಉಪಖಂಡದಲ್ಲಿ ಸುಮಾರು 100ಕ್ಕೆ 4 ಜನರಲ್ಲಿ ಇರುವ, ಹೃದಯದ ಸ್ನಾಯು ಸೋಲುವ ಅಪಾಯ ಹೆಚ್ಚಿಸುವ ಎಂವೈಬಿಪಿಸಿ3 ಎಂಬ ಜೀನಿನ ಬದಲಾವಣೆಯ ಬಗ್ಗೆ 2009ರಲ್ಲೇ ವರದಿ ಬಂದಿದೆ. ಅದನ್ನು ಇವರು ನೋಡೇ ಇಲ್ಲ! ತುಂಬಾ ಬೇಜಾರಾಯ್ತು.

ಇಂಥ ಕಿಟ್‌ಗಿಂತ ಮೊದಲು ಲಿಪಿಡ್ ಪ್ರೊಫೈಲ್ (ರಕ್ತದ ಕೊಲೆಸ್ಟ್ರಾಲ್, ಕೊಬ್ಬಿನ ಲೆಕ್ಕ) ಮತ್ತು ಎಲ್‌ಪಿ(ಎ) (ಕೊಲೆಸ್ಟ್ರಾಲ್ ಹೊತ್ತೊಯ್ಯುವ ಒಂದು ಬಗೆಯ ಕಣ, ಜಾಸ್ತಿಯಾದರೆ ಹೃದಯಕ್ಕೆ ಅಪಾಯ) ರಕ್ತಪರೀಕ್ಷೆ ಮಾಡಿಸಿ. ಎಲ್‌ಪಿ(ಎ) ಮಟ್ಟವೂ ಬಹುಪಾಲು ಹುಟ್ಟಿನಿಂದಲೇ ಬರುವಂಥದ್ದು.