ಎಪ್‌ವರ್ತ್ ನಿದ್ದೆ ಮಾಪಕ: ಎಂಟು ಪ್ರಶ್ನೆ ಎಷ್ಟು ಹೇಳುತ್ತದೆ?

ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಗಳಿಗೆ ಮೊದಲು ಕೊಡಬಹುದಾದ ಪ್ರಶ್ನಾವಳಿ ಇದೇ. ಆಸ್ಟ್ರೇಲಿಯಾದ ನಿದ್ರಾ ವೈದ್ಯ ಮರ್ರೇ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. ಓದುವಾಗ, ಟಿವಿ ನೋಡುವಾಗ, ಊಟದ ನಂತರ ಸುಮ್ಮನೆ ಕೂತಾಗ, ಹೀಗೆ ಎಂಟು ಸಂದರ್ಭ; ಪ್ರತಿಯೊಂದರಲ್ಲೂ ನಿದ್ದೆ ಹತ್ತುವ ಸಾಧ್ಯತೆಗೆ 0ಯಿಂದ 3 ಅಂಕ. ಒಟ್ಟು 24ರಲ್ಲಿ 10 ದಾಟಿದರೆ ಹಗಲುನಿದ್ದೆ ಅತಿಯಾಗಿದೆ ಎಂದರ್ಥ. ತುಂಬಲು ಐದು ನಿಮಿಷವೂ ಬೇಡ.

ಎಡವುವುದು ಎಲ್ಲಿ ಅಂದರೆ, ಕೇಳಿರುವುದು ಸುಸ್ತಿನ ಬಗ್ಗೆ ಅಲ್ಲ, ನಿದ್ದೆ ಹತ್ತುವ ಸಾಧ್ಯತೆಯ ಬಗ್ಗೆ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣು ಮುಚ್ಚದವರು ಮರುದಿನ ತುಂಬಿದರೆ ಅಂಕ ಏರಿಯೇ ಏರುತ್ತದೆ. ಉತ್ತರ ಇತ್ತೀಚಿನ ವಾರಗಳ ರೂಢಿಗೆ ಹೊಂದಬೇಕು.

ದೊಡ್ಡ ಕೊರತೆ: ಕಾರಣ ತಿಳಿಯುವುದಿಲ್ಲ, ತೂಕದ ಪ್ರಶ್ನೆಯೇ ಇಲ್ಲ. ಜೊತೆಗೊಂದು ತಕ್ಕಡಿ, ಅಳತೆ ಟೇಪು ಇಟ್ಟುಕೊಳ್ಳಿ. ಬಿಎಂಐಗೆ (ಎತ್ತರಕ್ಕೆ ತೂಕ ಹೊಂದುತ್ತದೆಯೇ ಎಂಬ ಅಳತೆ) ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ: 92 ಕಿಲೋ, 1.70 ಮೀಟರ್ ಆದರೆ 31.8, ಅಂದರೆ ಬೊಜ್ಜು. ಕುತ್ತಿಗೆಯ ಸುತ್ತಳತೆ 40 ಸೆಂ.ಮೀ. ಮೀರಿ, ಗೊರಕೆಯೂ ಇದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ) ಅನುಮಾನಿಸಬೇಕು. ಗಂಟಲ ಸುತ್ತಲಿನ ಕೊಬ್ಬು ಶ್ವಾಸಮಾರ್ಗವನ್ನು ಕಿರಿದಾಗಿಸುತ್ತದೆ, ಉಸಿರು ಕಟ್ಟಿದಾಗಲೆಲ್ಲ ಮಿದುಳು ಅರೆಎಚ್ಚರವಾಗುತ್ತದೆ. ಎಂಟು ಗಂಟೆ ಮಲಗಿದರೂ ನಿದ್ದೆ ಚೂರುಚೂರು. ತೆಳ್ಳಗಿನವರಿಗೂ ಇದು ಬರಬಹುದು, ಆದ್ದರಿಂದ ಮೈಕಟ್ಟು ನೋಡಿ ತೀರ್ಮಾನ ಬೇಡ.

ಹಾಗಂತ ಅಂಕ 14 ಬಂದ ಕೂಡಲೇ ತೂಕವನ್ನು ದೂರುವುದೂ ತಪ್ಪು. ಎರಡು ವಾರ ಮಲಗಿದ, ಎದ್ದ ಹೊತ್ತು ಬರೆದಿಟ್ಟು, ದಿನಕ್ಕೆ ಏಳು ಗಂಟೆಗೆ ಕಡಿಮೆಯಿಲ್ಲದಂತೆ ಮಲಗಿ ಮತ್ತೆ ತುಂಬಿ. ಅಂಕ ಇಳಿದರೆ ಕೊರತೆಯಿದ್ದದ್ದು ಬರೀ ನಿದ್ದೆಯದ್ದು. ಇಳಿಯದಿದ್ದರೆ ಪ್ರಶ್ನಾವಳಿ, ನಿದ್ದೆಯ ಹೊತ್ತು ಬರೆದಿಟ್ಟ ಹಾಳೆ ಎರಡನ್ನೂ ಹಿಡಿದು ವೈದ್ಯರ ಬಳಿ ಹೋಗಿ.