ವೇಟ್‌ಲಿಫ್ಟಿಂಗ್ ಬಾರ್ ಮುಂದೆ ಕೈ ನಡುಗುವವರಿಗೆ ಆನ್‌ಲೈನ್ ಕೌನ್ಸೆಲಿಂಗ್: ಬಹಳ ದಿನ ಬಳಸಿದ ಮೇಲೆ

ವೇಟ್‌ಲಿಫ್ಟಿಂಗ್‌ನಲ್ಲಿ ಹೆಸರು ಕರೆದ ಮೇಲೆ ಸಾಮಾನ್ಯವಾಗಿ ಒಂದೇ ನಿಮಿಷ ಸಿಗುತ್ತದೆ. ಸ್ನ್ಯಾಚ್‌ನಲ್ಲಿ, ಅಂದರೆ ಭಾರವನ್ನು ಒಂದೇ ಏಟಿಗೆ ತಲೆ ಮೇಲೆ ಎತ್ತುವುದರಲ್ಲಿ, ಮೂರೂ ಸಲ ಫೇಲ್ ಆದರೆ ಎರಡು ಬಗೆಯ ಲಿಫ್ಟ್ ಕೂಡಿಸಿದ ಟೋಟಲ್ಲೇ ಇಲ್ಲ. ಪ್ರಾಕ್ಟೀಸ್‌ನಲ್ಲಿ ಸಲೀಸಾಗಿ ಎತ್ತುವ ಭಾರಕ್ಕೆ ಮೀಟ್‌ನಲ್ಲಿ (ಸ್ಪರ್ಧೆಯಲ್ಲಿ) ನನ್ನ ಕೈ ನಡುಗುತ್ತಿತ್ತು. ಕೋಚ್ ಸರ್ 'ಧೈರ್ಯ ತಗೋ' ಅನ್ನುತ್ತಿದ್ದರು. ಹೇಗೆ ಅಂತ ಕಲಿಸುವವರು ಬೇಕಿತ್ತು.

ನಮ್ಮ ಬಳ್ಳಾರಿ ಪಕ್ಕದ ತೋರಣಗಲ್ಲಿನ ಹತ್ತಿರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅನ್ನುವ ಕ್ರೀಡಾ ತರಬೇತಿ ಕೇಂದ್ರ ಇದೆ ನಿಜ. ಆದರೆ ಅದು ಬಾಕ್ಸಿಂಗ್, ಕುಸ್ತಿ, ಜೂಡೊದಂಥ ಆಟಗಳಿಗೆ ಆಯ್ಕೆಯಾದವರಿಗೆ. ಅದಕ್ಕೇ ಒಂದು ಆ್ಯಪ್‌ನಲ್ಲಿ ಕನ್ನಡ ಮಾತಾಡುವ ಕೌನ್ಸೆಲರ್ ಮೇಡಂ ಹುಡುಕಿಕೊಂಡೆ. ಸೆಷನ್‌ಗೆ 900 ರೂಪಾಯಿ. ಹಾಲು, ಮೊಟ್ಟೆ ಖರ್ಚಿನ ಜೊತೆ ಇದು ಜಾಸ್ತಿನೇ.

ಮೇಡಂ ಕಲಿಸಿದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮೈ ಸಡಿಲಿಸುವ ಅಭ್ಯಾಸ. ರಾತ್ರಿ ಊಟ ಆದ ಮೇಲೆ ಮಾಳಿಗೆಗೆ ಹೋಗುತ್ತೇನೆ. ಬೇಸಿಗೆಯಲ್ಲಿ ಒಂದು ಕೊಡ ನೀರು ಚೆಲ್ಲಿ, ಕಾವು ಇಳಿದ ಮೇಲೆ ಚಾಪೆ ಹಾಸಬೇಕು. ಕಾಲ್ಬೆರಳಿಂದ ಶುರು. ಬಿಗಿ ಹಿಡಿದು, ಐದು ಎಣಿಸಿ, ಬಿಡುವುದು. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ. ಬಿಟ್ಟಾಗಲೇ ಎಷ್ಟು ಬಿಗಿ ಇತ್ತು ಅಂತ ಗೊತ್ತಾಗುವುದು. ನನ್ನ ಭಯವೆಲ್ಲ ದವಡೆಯಲ್ಲಿ ಕೂತಿತ್ತು! ಈಗ ಚಾಕ್ ಹಚ್ಚುವಾಗ ಹಲ್ಲು ಕಚ್ಚಿದ್ದು ತಕ್ಷಣ ತಿಳಿಯುತ್ತದೆ. ಉಸಿರು ನಿಧಾನಕ್ಕೆ ಬಿಡುತ್ತೇನೆ, ದವಡೆ ಸಡಿಲ ಮಾಡುತ್ತೇನೆ, ಬಾರ್ ಹಿಡಿಯುತ್ತೇನೆ. ಆ ಒಂದು ನಿಮಿಷಕ್ಕೆ ಇಷ್ಟು ಸಾಕು.

ಸಿಟ್ಟು ಬಂದದ್ದು ಆಮೇಲೆ. ದೊಡ್ಡ ಮೀಟ್ ಹತ್ತಿರ ಬಂದಾಗ ಆ್ಯಪ್‌ನವರು ಹೇಳದೆ ಕೇಳದೆ ಮೇಡಂರನ್ನೇ ಬದಲಾಯಿಸಿದರು. ಹೊಸಬರಿಗೆ ಕ್ಲೀನ್ ಆ್ಯಂಡ್ ಜರ್ಕ್ (ಭಾರವನ್ನು ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲೆ ಎತ್ತುವುದು) ಅಂದರೇನು, ಮನೆಯಲ್ಲಿ ಏನನ್ನುತ್ತಾರೆ, ಎಲ್ಲ ಮೊದಲಿಂದ ಹೇಳಬೇಕಾಯಿತು. ಅದಕ್ಕೂ ಪೂರ್ತಿ ಫೀಸು. ಮನಸ್ಸು ಬಿಚ್ಚಿ ಮಾತಾಡಿದವರನ್ನು ಹೀಗೆ ಬದಲಿಸಿದರೆ ಹೇಗೆ? ಆ್ಯಪ್‌ಗೆ ಎರಡು ಸ್ಟಾರ್ ಕಡಿಮೆ ಕೊಟ್ಟಿದ್ದು ಇದಕ್ಕೇ.

ಆ ವಾರ ನಿದ್ದೆ ಬಾರದೆ ಟೆಲಿ-ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಉಚಿತ ಸೇವೆ ಇದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನನ್ನ ಆಟದ ಬಗ್ಗೆ ಅವರಿಗೆ ಜಾಸ್ತಿ ಗೊತ್ತಿರಲಿಲ್ಲ. ಆದರೂ ಆತುರ ಇಲ್ಲದೆ ಕೇಳಿದರು. ರೊಕ್ಕದ ತೊಂದರೆ ಇರುವವರು ಮೊದಲು ಇಲ್ಲಿಂದಲೇ ಶುರು ಮಾಡಿ.

ಇನ್ನೊಂದು ಮಾತು. ಡಾಕ್ಟರ್ ಮಾತ್ರೆ ಬರೆದರೆ, ನೀವು ಸ್ಪರ್ಧೆಗೆ ಇಳಿಯುವವರು ಅಂತ ಮೊದಲೇ ಹೇಳಿ. ಎದೆಬಡಿತ ಇಳಿಸುವ ಬೀಟಾ ಬ್ಲಾಕರ್‌ಗಳು ಆರ್ಚರಿ, ಶೂಟಿಂಗ್‌ನವರಿಗೆ ನಿಷೇಧ.

ಹಳೇ ಮೇಡಂ ಮತ್ತೆ ಸಿಕ್ಕರೆ ಪ್ಲಾನ್ ಮುಂದುವರಿಸುತ್ತೇನೆ. ಇಲ್ಲದಿದ್ದರೆ ಆ ರೊಕ್ಕದಲ್ಲಿ ಹೊಸ ಬೆಲ್ಟ್ ತಗೋತೀನಿ.